ಸಿಕ್ಕಿಬಿದ್ದ ಫೈಲ್ ಯಾರದು?

ಫುಲ್ ಸ್ಕ್ಯಾನ್ ಮುಗಿಯುವ ಹೊತ್ತಿಗೆ ಮನೆಯವರ ತಾಳ್ಮೆಯೂ ಮುಗಿದಿರುತ್ತದೆ. ಹಳೆಯ ಹಾರ್ಡ್ ಡಿಸ್ಕಿನ ಕಂಪ್ಯೂಟರಾದರೆ ಅರ್ಧ ದಿನವೇ ಹೋದರೂ ಹೋಯಿತು. ಕೊನೆಗೆ ಪರದೆಯ ಮೇಲೊಂದು ಕೆಂಪು ಗುರುತು, ಕೆಳಗೆ ಬಾಯಿಗೆ ಬಾರದ ಹೆಸರುಗಳ ಪಟ್ಟಿ, ಪಕ್ಕದಲ್ಲಿ ಕ್ಲೀನ್, ಕ್ವಾರಂಟೈನ್, ಡಿಲೀಟ್, ಅಲೋ ಎಂಬ ಗುಂಡಿಗಳು. ಹೆಚ್ಚಿನವರು ಎಲ್ಲಕ್ಕೂ ಟಿಕ್ ಹಾಕಿ ಡಿಲೀಟ್ ಒತ್ತಿ ಕೈತೊಳೆದುಕೊಳ್ಳುತ್ತಾರೆ. ಅಷ್ಟು ಧೈರ್ಯ ಸಾಲದವರು ಗೊತ್ತಿರುವ ಸರ್ವೀಸ್ ಹುಡುಗನಿಗೆ ಫೋನ್ ಹಚ್ಚುತ್ತಾರೆ. ಆ ಕಡೆಯಿಂದ ಬರುವ ಉತ್ತರ ಬಹುತೇಕ ಒಂದೇ: ‘ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್, ಫ್ರೆಶ್ ಆಗಿ ಓಎಸ್ ಹಾಕ್ಕೊಡ್ತೀನಿ.’

ಈ ಎರಡು ದಾರಿಯಲ್ಲೂ ಕೇಳಬೇಕಾದ ಪ್ರಶ್ನೆಯೊಂದು ಹಾಗೇ ಉಳಿದುಹೋಗುತ್ತದೆ. ಸಿಕ್ಕಿಬಿದ್ದ ಆ ಫೈಲ್ ಯಾರದು? ವೈರಸ್ ತಾನೇ ತಂದು ಹಾಕಿಕೊಂಡದ್ದೋ, ನಾವು ಕೂತು ಬರೆದದ್ದೋ, ವಿಂಡೋಸ್ ತನ್ನ ಕೆಲಸಕ್ಕೆ ಇಟ್ಟುಕೊಂಡದ್ದೋ? ಮೊದಲನೆಯದನ್ನು ಕಣ್ಣುಮುಚ್ಚಿ ಅಳಿಸಬಹುದು. ಎರಡನೆಯದನ್ನು ಉಳಿಸಿಕೊಳ್ಳಲು ಹೆಣಗಬೇಕು. ಮೂರನೆಯದನ್ನು ಅಳಿಸಿದರೆ ಮಾರನೇ ದಿನ ಕಂಪ್ಯೂಟರೇ ಏಳದಿರಬಹುದು. ಸ್ಕ್ಯಾನರ್ ತೋರಿಸುವ ಪಟ್ಟಿಯಲ್ಲಿ ಮಾತ್ರ ಮೂರೂ ಒಂದೇ ಕೆಂಪು ಬಣ್ಣದಲ್ಲಿ ಒಂದರ ಕೆಳಗೊಂದು ನಿಂತಿರುತ್ತವೆ.

ಆದ್ದರಿಂದ ಮೊದಲ ಸುತ್ತಿಗೆ ಕ್ವಾರಂಟೈನ್ ಒತ್ತುವುದೇ ಲೇಸು. ಈ ಗುಂಡಿ ಒತ್ತಿದಾಗ ಆಂಟಿವೈರಸ್ ಆ ಫೈಲನ್ನು ಇದ್ದ ಜಾಗದಿಂದ ಎತ್ತಿ, ಅದರ ಬೈಟುಗಳನ್ನು ಕಲಸಿ ಗೂಢಲಿಪಿ ಮಾಡಿ, ತನ್ನದೇ ಬೀಗದ ಫೋಲ್ಡರಿಗೆ ಹಾಕಿಕೊಳ್ಳುತ್ತದೆ. ಅಲ್ಲಿ ಡಬಲ್ ಕ್ಲಿಕ್ ಮಾಡಿದರೂ ಅದು ಓಡದು. ಮೂಲದ ಹೆಸರೇನು, ಯಾವ ಫೋಲ್ಡರಿನಲ್ಲಿತ್ತು ಎಂಬುದೆಲ್ಲ ಜೊತೆಗೇ ದಾಖಲಾಗಿರುವುದರಿಂದ, ತಪ್ಪಾಗಿದೆ ಎಂದು ಗೊತ್ತಾದ ದಿನ ರಿಸ್ಟೋರ್ ಕೊಟ್ಟರೆ ಇದ್ದಲ್ಲಿಗೇ ಮರಳುತ್ತದೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರಿನಲ್ಲಿ ಇದೆಲ್ಲ ‘ಪ್ರೊಟೆಕ್ಷನ್ ಹಿಸ್ಟರಿ’ ಎಂಬ ಪುಟದಲ್ಲಿ ಸಿಗುತ್ತದೆ. ಡಿಲೀಟ್ ಒತ್ತಿದರೋ, ಆ ಫೈಲ್ ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ, ಹೋದದ್ದು ಹೋಯಿತು. ಕ್ವಾರಂಟೈನ್‌ನಲ್ಲಿರುವುದು ಎಷ್ಟು ದಿನ ಕೂತರೂ ಯಾರಿಗೂ ತೊಂದರೆಯಿಲ್ಲ, ಸ್ವಲ್ಪ ಜಾಗ ತಿನ್ನುತ್ತದೆ ಅಷ್ಟೆ.

ಅದಕ್ಕೂ ಮುಂಚೆ ಮಾಡಬೇಕಾದ್ದು ಒಂದಿದೆ. ವೈಫೈ ಆಫ್ ಮಾಡಿ, ಇಲ್ಲವೇ ಕೇಬಲ್ ಕಿತ್ತಿಡಿ. ಈಗಿನ ಕೇಡಿನ ಪ್ರೋಗ್ರಾಮುಗಳ ದುಡಿಮೆಯೆಲ್ಲ ನೆಟ್ ಮೇಲೆ ನಿಂತಿದೆ. ಪಟ್ಟಿ ಓದಿ ಮುಗಿಯುವವರೆಗೆ ಆ ಯಂತ್ರದಲ್ಲಿ ಬ್ಯಾಂಕ್ ಖಾತೆ ತೆರೆಯುವುದಂತೂ ಬೇಡವೇ ಬೇಡ.

ಹೆಸರೊಳಗಿನ ಸುಳಿವು

ಪಟ್ಟಿಯ ಪ್ರತಿ ಸಾಲಿನಲ್ಲೂ ಓದಬೇಕಾದ ಎರಡು ಸಂಗತಿಗಳಿರುತ್ತವೆ: ವೈರಸ್ಸಿನ ಹೆಸರು ಮತ್ತು ಫೈಲ್ ಸಿಕ್ಕ ಜಾಗ. ಹೆಸರು ನೋಡಲು ಕಗ್ಗ. ಉದಾಹರಣೆಗೆ ಡಿಫೆಂಡರ್ ಮೇಲಿಂದ ಮೇಲೆ ತೋರಿಸುವ ‘ಟ್ರೋಜನ್:ವಿನ್32/ವಾಕಾಟ್ಯಾಕ್.ಬಿ!ಎಂಎಲ್’ ತೆಗೆದುಕೊಳ್ಳಿ. 1991ರಲ್ಲಿ ಆಂಟಿವೈರಸ್ ಸಂಶೋಧಕರ ‘ಕಾರೋ’ ಎಂಬ ಕೂಟ ಹಾಕಿಕೊಟ್ಟ ಪದ್ಧತಿಯ ಮುಂದುವರಿಕೆ ಇದು. ಮೊದಲು ಜಾತಿ, ಆಮೇಲೆ ಅದು ಓಡುವ ವ್ಯವಸ್ಥೆ, ನಂತರ ಕುಟುಂಬದ ಹೆಸರು, ಅದರಲ್ಲಿ ಎಷ್ಟನೆಯ ತಳಿ, ಕೊನೆಗೆ ಬಾಲ. ಬಾಲದಲ್ಲಿ ‘ಎಂಎಲ್’ ಎಂದಿದ್ದರೆ ಮಷೀನ್ ಲರ್ನಿಂಗ್ ಊಹಿಸಿದ್ದು ಎಂದರ್ಥ. ಅಂದರೆ ಆ ಫೈಲಿನ ಬೆರಳಚ್ಚು ಪೊಲೀಸ್ ದಾಖಲೆಯಲ್ಲಿ ಸಿಕ್ಕಿಲ್ಲ, ಚಹರೆ ನೋಡಿ ಹಿಡಿದಿದ್ದಾರೆ. ಬೇರೆ ಕಂಪನಿಗಳ ಪಟ್ಟಿಯಲ್ಲಿ ‘ಹ್ಯೂರ್’, ‘ಜೆನ್’, ‘ಸಸ್ಪಿಷಿಯಸ್’ ಎಂಬ ಪದಗಳು ಬಂದರೂ ಇದೇ ಕಥೆ. ಇಂಥವನ್ನು ಇನ್ನೊಮ್ಮೆ ಪರೀಕ್ಷಿಸದೆ ಅಳಿಸಬಾರದು. ಹಾಗೆಂದು ಅಲೋ ಕೊಡುವುದೂ ಸಲ್ಲ.

ಇನ್ನು ನಮ್ಮೂರಿನ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ಹೆಸರು ‘ಹ್ಯಾಕ್‌ಟೂಲ್:ವಿನ್32/ಆಟೋಕೆಎಂಎಸ್’. ಕಾಸು ಕೊಡದ ವಿಂಡೋಸನ್ನೋ ಆಫೀಸನ್ನೋ ‘ಆಕ್ಟಿವೇಟ್’ ಮಾಡಿಸಿಕೊಂಡ ಮನೆಯಲ್ಲಿ ಇದು ಇದ್ದೇ ಇರುತ್ತದೆ. ಕೇಳಿದರೆ ‘ಅದು ವೈರಸ್ ಅಲ್ಲ ಸಾರ್, ಅಲೋ ಕೊಡಿ’ ಎನ್ನುತ್ತಾರೆ. ಮಾತು ಅರ್ಧ ನಿಜ. ಆದರೆ ಇಂಥ ಕ್ರ್ಯಾಕ್‌ಗಳ ಜೊತೆ ಬರುವ ಸೂಚನೆಯ ಮೊದಲ ಸಾಲೇ ‘ಆಂಟಿವೈರಸ್ ಆಫ್ ಮಾಡಿ’ ಎಂದಿರುತ್ತದೆ! ಆಫ್ ಮಾಡಿದ ಮೇಲೆ ಒಳಗೆ ಬಂದದ್ದು ಒಂದೇ ಪ್ರೋಗ್ರಾಮೋ ಎರಡೋ ಎಂದು ಯಾರು ನೋಡಿದ್ದಾರೆ? ಮನೆಬಳಕೆಯ ಕಂಪ್ಯೂಟರುಗಳನ್ನು ಹೆಚ್ಚಾಗಿ ಕಾಡಿದ ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂಬ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ರ‍್ಯಾನ್ಸಮ್‌ವೇರ್ ಕುಟುಂಬ ಹರಡಿದ್ದು ಮುಖ್ಯವಾಗಿ ಈ ಕ್ರ್ಯಾಕ್‌ಗಳ ಬೆನ್ನೇರಿಯೇ.

ಫೈಲ್ ಸಿಕ್ಕ ಜಾಗ ಹೇಳುವುದು ಇದಕ್ಕಿಂತ ಹೆಚ್ಚು. ಬ್ರೌಸರಿನ ಕ್ಯಾಶ್, ಟೆಂಪ್ ಫೋಲ್ಡರ್, ಡೌನ್‌ಲೋಡ್ಸ್ ಇವುಗಳಲ್ಲಿ ಸಿಕ್ಕಿದ್ದಾದರೆ ಯೋಚಿಸುವುದೇ ಬೇಡ, ಅಳಿಸಿ. ಜಿಪ್ ಕಟ್ಟಿನೊಳಗೆ ಸಿಕ್ಕಿದ್ದರೆ ಅದು ಬಿಚ್ಚುವವರೆಗೆ ಓಡದು; ಕಟ್ಟಿನೊಳಗಿನ ಒಂದೇ ಫೈಲನ್ನು ತೆಗೆಯಲು ಆಂಟಿವೈರಸ್ಸಿಗೆ ಆಗದಿದ್ದರೆ ಕಟ್ಟನ್ನೇ ಬಿಸಾಡಬಹುದು, ಆದರೆ ಅದರೊಳಗೆ ನಿಮ್ಮ ಹಳೆಯ ಫೋಟೋಗಳೂ ಇವೆಯೇ ಎಂದು ನೋಡಿಕೊಂಡು. ‘ಎಸ್‌ವಿಸಿಹೋಸ್ಟ್.ಇಎಕ್ಸ್‌ಇ’ ಎಂಬ ಫೈಲ್ ವಿಂಡೋಸಿನ ಸಿಸ್ಟಮ್32 ಫೋಲ್ಡರಿನಲ್ಲಿದ್ದರೆ ಮನೆಯ ಯಜಮಾನ. ಅದೇ ಹೆಸರಿನದು ಆಪ್‌ಡೇಟಾದಲ್ಲೋ ಪೆನ್‌ಡ್ರೈವಿನಲ್ಲೋ ಕಂಡರೆ ವೇಷಧಾರಿ. ಒಂದಕ್ಷರ ಹಿಂದುಮುಂದು ಮಾಡಿ ‘ಎಸ್‌ಸಿವಿಹೋಸ್ಟ್’ ಎಂದು ಹೆಸರಿಟ್ಟುಕೊಂಡು ಬರುವವೂ ಉಂಟು.

ಕೀಳಬಹುದಾದದ್ದು, ಕೀಳಲಾಗದ್ದು

‘ಕ್ಲೀನ್ ಮಾಡಲಾಗಲಿಲ್ಲ’ ಎಂದು ಆಂಟಿವೈರಸ್ ಹೇಳಿದರೆ ಜನ ಅದರ ಕೈಲಾಗದತನ ಎಂದುಕೊಳ್ಳುತ್ತಾರೆ. ಅನೇಕ ಸಲ ಅಲ್ಲಿ ಕ್ಲೀನ್ ಮಾಡಲು ಏನೂ ಇರುವುದಿಲ್ಲ. ಮಾವಿನ ಮರಕ್ಕೆ ಬಂದಳಿಕೆ ಹತ್ತಿದರೆ ಅದನ್ನು ಕಡಿದು ಮರ ಉಳಿಸಿಕೊಳ್ಳುತ್ತೇವೆ. ಗದ್ದೆಯ ಬದುವಿನಲ್ಲಿ ಬೆಳೆದ ಪಾರ್ಥೇನಿಯಂ ಗಿಡದಲ್ಲಿ ಉಳಿಸಿಕೊಳ್ಳುವುದೇನಿದೆ? ಟ್ರೋಜನ್ ಎಂಬುದು ಬುಡದಿಂದ ತುದಿಯವರೆಗೆ ಕೇಡೇ. ಈಗ ಮನೆಗಳಲ್ಲಿ ಸಿಗುವುದರಲ್ಲಿ ಇದರದೇ ಪಾಲು ದೊಡ್ಡದು. ಇನ್ನೊಬ್ಬರ ಫೈಲಿಗೆ ಅಂಟಿಕೊಂಡು ಬದುಕುವ ನಿಜವಾದ ವೈರಸ್ ಕಡಿಮೆಯಾಗಿದೆ, ಆದರೆ ಸತ್ತಿಲ್ಲ. 2003ರಲ್ಲಿ ಕಾಣಿಸಿಕೊಂಡ ‘ಸಾಲಿಟಿ’, 2010ರ ‘ರಾಮ್ನಿಟ್’ ಹಳೆಯ ಪೆನ್‌ಡ್ರೈವು, ಹಾರ್ಡ್ ಡಿಸ್ಕುಗಳಲ್ಲಿ ಇವತ್ತೂ ಸಿಗುತ್ತವೆ.

ರಾಮ್ನಿಟ್ ಮಾಡುವ ಕೆಲಸವನ್ನು ಕಣ್ಣಾರೆ ನೋಡಬಹುದು. ಅದು ಪ್ರೋಗ್ರಾಮುಗಳ ಜೊತೆಗೆ ವೆಬ್ ಪುಟದ ಹೆಚ್‌ಟಿಎಂಎಲ್ ಫೈಲುಗಳಿಗೂ ಅಂಟುತ್ತದೆ. ಹಾಗೆ ಅಂಟಿಸಿಕೊಂಡ ಪುಟವೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದರೆ, ಮೇಲೆಲ್ಲ ನಾವು ಬರೆದದ್ದು ಬರೆದ ಹಾಗೇ ಇರುತ್ತದೆ. ಪುಟ ಮುಗಿಯಿತು ಎಂಬ ಗುರುತಾದ ಮೇಲೆ ಮಾತ್ರ ವಿಬಿಸ್ಕ್ರಿಪ್ಟಿನ ತುಣುಕೊಂದು ಶುರುವಾಗುತ್ತದೆ. ಅದರಲ್ಲಿ ಎಸ್‌ವಿಸಿಹೋಸ್ಟ್ ಎಂಬ ಕದ್ದ ಹೆಸರು, ಆಮೇಲೆ 4, ಡಿ, 5, ಎ ಎಂದು ಆರಂಭವಾಗಿ ಪುಟಗಟ್ಟಲೆ ಓಡುವ ಅಂಕಿ ಅಕ್ಷರಗಳ ಸಾಲು. ಆ ಮೊದಲ ನಾಲ್ಕು ಗುರುತುಗಳನ್ನು ಅಕ್ಷರಕ್ಕೆ ತಿರುಗಿಸಿದರೆ ‘ಎಂಜೆಡ್’ ಬರುತ್ತದೆ. ಮೈಕ್ರೋಸಾಫ್ಟಿನ ಎಂಜಿನಿಯರ್ ಮಾರ್ಕ್ ಜ್ಬಿಕೋವ್ಸ್ಕಿ ಡಾಸ್ ಕಾಲದಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನೇ ಪ್ರೋಗ್ರಾಮ್ ಫೈಲುಗಳ ಗುರುತಾಗಿ ಇಟ್ಟರು. ವಿಂಡೋಸಿನ ಪ್ರತಿಯೊಂದು ಇಎಕ್ಸ್‌ಇ ಫೈಲೂ ಇವತ್ತಿಗೂ ಆ ಎರಡಕ್ಷರದಿಂದಲೇ ತೊಡಗುತ್ತದೆ. ಅಂದರೆ ನಮ್ಮ ಪುಟದ ಬಾಲದಲ್ಲಿ ಇಡೀ ಪ್ರೋಗ್ರಾಮೊಂದು ಅಕ್ಷರರೂಪದಲ್ಲಿ ಸುರುಳಿ ಸುತ್ತಿ ಕೂತಿದೆ. ಆ ತುಣುಕನ್ನು ಕತ್ತರಿಸಿದರೆ ನಮ್ಮ ಪುಟ ನಮಗೆ ಸಿಕ್ಕಿತು. ಆಂಟಿವೈರಸ್ಸಿನ ‘ಕ್ಲೀನ್’ ಮಾಡುವುದೂ ಇಷ್ಟನ್ನೇ.

ಪ್ರೋಗ್ರಾಮ್ ಫೈಲುಗಳಲ್ಲಿ ಈ ಕತ್ತರಿ ಕೆಲಸ ಅಷ್ಟು ಸಲೀಸಲ್ಲ. ‘ವೈರುಟ್’ ಎಂಬ ಇನ್ನೊಂದು ವೈರಸ್ಸಿನಲ್ಲಿ ಬರೆದವರ ಎಡವಟ್ಟುಗಳೇ ಇದ್ದು, ಅಂಟಿಕೊಳ್ಳುವಾಗಲೇ ಅದು ಕೆಲವು ಫೈಲುಗಳನ್ನು ಕೆಡಿಸಿಬಿಡುತ್ತಿತ್ತು. ಕೆಟ್ಟದ್ದನ್ನು ಯಾವ ಆಂಟಿವೈರಸ್ಸೂ ಮರಳಿ ಕೊಡಲಾರದು. ಆದ್ದರಿಂದ ಇಎಕ್ಸ್‌ಇ ಫೈಲಿನ ಮೇಲೆ ಮಮಕಾರ ಇಟ್ಟುಕೊಳ್ಳಬಾರದು. ಅದನ್ನು ಅಳಿಸಿ, ಆ ಸಾಫ್ಟ್‌ವೇರನ್ನು ಅದರ ಮೂಲ ತಾಣದಿಂದಲೇ ಹೊಸದಾಗಿ ಇಳಿಸಿಕೊಂಡರಾಯಿತು.

ವರ್ಡ್, ಎಕ್ಸೆಲ್ ಕಡತಗಳ ವಿಷಯ ನೆಮ್ಮದಿಯದು. 1999ರ ಮಾರ್ಚಿನಲ್ಲಿ ಜಗತ್ತಿನ ಮೇಲ್ ಸರ್ವರುಗಳನ್ನು ಉಸಿರುಗಟ್ಟಿಸಿದ ‘ಮೆಲಿಸ್ಸಾ’ದಂಥವು ಸೇರಿಕೊಳ್ಳುವುದು ಮ್ಯಾಕ್ರೋ ಎಂಬ ಭಾಗದಲ್ಲಿ. ನೀವು ಬರೆದ ಬರಹ ಬೇರೆ ಕಡೆ ಇರುತ್ತದೆ. ಕ್ಲೀನ್ ಕೊಟ್ಟರೆ ಮ್ಯಾಕ್ರೋ ಹೋಗಿ ಬರಹ ಉಳಿಯುತ್ತದೆ. ಫೋಟೋಗಳೂ ಹಾಡುಗಳೂ ಸಾಮಾನ್ಯವಾಗಿ ಸೋಂಕು ಹೊರುವುದಿಲ್ಲ. ಮದುವೆ ಫೋಟೋದಲ್ಲಿ ವೈರಸ್ ಸಿಕ್ಕಿತು ಎಂದು ಕಂಡರೆ ಅದರ ಪೂರ್ತಿ ಹೆಸರು ನೋಡಿ: ‘ಜೆಪಿಜಿ’ ಆದಮೇಲೆ ಇನ್ನೊಂದು ಚುಕ್ಕೆ, ಇಎಕ್ಸ್‌ಇ ಎಂದಿರುತ್ತದೆ. ವಿಂಡೋಸ್ ಈ ಕೊನೆಯ ಮೂರಕ್ಷರಗಳನ್ನು ತಾನಾಗಿಯೇ ಮುಚ್ಚಿಡುತ್ತದೆ. ಅದ್ಯಾವ ಪುಣ್ಯಾತ್ಮನ ಯೋಚನೆಯೋ ಗೊತ್ತಿಲ್ಲ. ‘ವ್ಯೂ’ ಮೆನುವಿನಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂಬುದಕ್ಕೆ ಟಿಕ್ ಹಾಕಿಟ್ಟುಕೊಂಡರೆ ಎಷ್ಟೋ ಕೇಡು ಬಾಗಿಲಲ್ಲೇ ಗುರುತಾಗುತ್ತದೆ.

ಅವಸರದ ಡಿಲೀಟಿನಿಂದ ದೊಡ್ಡ ಪೆಟ್ಟು ಬೀಳುವುದು ಮೇಲ್ ಇಟ್ಟುಕೊಂಡವರಿಗೆ. ಥಂಡರ್‌ಬರ್ಡ್ ಬಳಸುವವರ ಇನ್‌ಬಾಕ್ಸ್ ಎಂಬುದು ಸಾಮಾನ್ಯವಾಗಿ ಡಿಸ್ಕಿನ ಮೇಲೆ ಒಂದೇ ಒಂದು ಫೈಲ್. ಸಾವಿರಾರು ಪತ್ರಗಳು, ಅವುಗಳ ಲಗತ್ತುಗಳು ಎಲ್ಲ ಅದರೊಳಗೆ ಸಾಲಾಗಿ. ಔಟ್‌ಲುಕ್‌ನ ಪಿಎಸ್‌ಟಿ ಫೈಲೂ ಹೀಗೆಯೇ. ಎಂದೋ ಬಂದ ನಕಲಿ ಇನ್‌ವಾಯ್ಸ್ ಒಂದು ಅದರಲ್ಲಿ ಬಿದ್ದಿದ್ದರೆ, ಸ್ಕ್ಯಾನರ್ ‘ಇನ್‌ಬಾಕ್ಸ್ ಎಂಬ ಫೈಲ್ ಸೋಂಕಿತ’ ಎಂದು ತೋರಿಸುತ್ತದೆ. ಡಿಲೀಟ್ ಒತ್ತಿದರೆ ಒಂದು ಕೆಟ್ಟ ಪತ್ರದ ಜೊತೆ ವರ್ಷಗಟ್ಟಲೆಯ ಪತ್ರವ್ಯವಹಾರವೂ ಹೋಗುತ್ತದೆ. ಮೇಲ್‌ಗಳು ಸರ್ವರಿನಲ್ಲೂ ಉಳಿದಿರುವ ಐಮ್ಯಾಪ್ ವ್ಯವಸ್ಥೆಯಾದರೆ ಮರಳಿ ಪಡೆಯಬಹುದು. ಹಳೆಯ ಪಾಪ್ ಪದ್ಧತಿಯಲ್ಲಿ ಇಳಿಸಿಕೊಂಡು ಸರ್ವರಿನಲ್ಲಿ ಅಳಿಸುತ್ತಿದ್ದವರಿಗೆ ಆ ಆಸೆಯೂ ಇಲ್ಲ.

ಸರಿಯಾದ ದಾರಿ ಇದು. ಸ್ಕ್ಯಾನ್ ವರದಿಯಲ್ಲಿ ಲಗತ್ತಿನ ಹೆಸರೋ, ಪತ್ರದ ವಿಷಯವೋ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಹಿಡಿದು ಮೇಲ್ ಪ್ರೋಗ್ರಾಮಿನೊಳಗೇ ಆ ಪತ್ರವನ್ನು ಹುಡುಕಿ, ತೆರೆಯದೆ, ಶಿಫ್ಟ್ ಹಿಡಿದು ಡಿಲೀಟ್ ಮಾಡಬೇಕು. ಇಷ್ಟಕ್ಕೇ ಮುಗಿಯಲಿಲ್ಲ. ಥಂಡರ್‌ಬರ್ಡ್ ಅಳಿಸಿದ ಪತ್ರಕ್ಕೆ ‘ಅಳಿಸಿದೆ’ ಎಂಬ ಗುರುತು ಹಾಕುತ್ತದೆಯೇ ಹೊರತು ಫೈಲಿನಿಂದ ತಕ್ಷಣ ತೆಗೆಯುವುದಿಲ್ಲ. ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಕಾಂಪ್ಯಾಕ್ಟ್’ ಕೊಟ್ಟ ಮೇಲೆಯೇ ಅದು ನಿಜವಾಗಿ ಹೋಗುವುದು. ಇದನ್ನು ತಿಳಿಯದವರು ಮತ್ತೆ ಸ್ಕ್ಯಾನ್ ಮಾಡಿ, ಮತ್ತೆ ಅದೇ ವೈರಸ್ ಕಂಡು, ಕೊನೆಗೆ ರೋಸಿಹೋಗಿ ಇಡೀ ಫೈಲನ್ನೇ ಕಿತ್ತೆಸೆಯುತ್ತಾರೆ.

ಜೆರಾಕ್ಸ್ ಅಂಗಡಿಯ ಉಡುಗೊರೆ

ಪ್ರಾಜೆಕ್ಟ್ ರಿಪೋರ್ಟು, ಅರ್ಜಿ, ಲಗ್ನಪತ್ರಿಕೆ ಏನೇ ಇರಲಿ, ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಹಿಡಿದು ಜೆರಾಕ್ಸ್ ಅಂಗಡಿಗೋ ಡಿಟಿಪಿ ಸೆಂಟರಿಗೋ ಹೋಗಿ ಬಂದವರಿಗೆ ‘ಶಾರ್ಟ್‌ಕಟ್ ವೈರಸ್’ ಹೊಸದೇನಲ್ಲ. ಮನೆಗೆ ಬಂದು ಚುಚ್ಚಿದರೆ ಫೋಲ್ಡರುಗಳೆಲ್ಲ ಮಾಯ. ಅದೇ ಹೆಸರಿನಲ್ಲಿ ಎಡಮೂಲೆಗೆ ಸಣ್ಣ ಬಾಣವಿರುವ ಗುರುತುಗಳು.

ಇದರ ಹಿಂದೊಂದು ಚರಿತ್ರೆಯಿದೆ. ಮೊದಲು ಪೆನ್‌ಡ್ರೈವ್ ಚುಚ್ಚಿದ ಕೂಡಲೇ ವಿಂಡೋಸ್ ‘ಆಟೋರನ್’ ಎಂಬ ಸೂಚನಾ ಫೈಲನ್ನು ಓದಿ ಅದರಲ್ಲಿ ಹೇಳಿದ್ದನ್ನು ಓಡಿಸಲು ಮುಂದಾಗುತ್ತಿತ್ತು. 2008ರ ಕೊನೆಯಲ್ಲಿ ಬಂದ ‘ಕಾನ್‌ಫಿಕರ್’ ವರ್ಮ್ ಹರಡಲು ಬಳಸಿಕೊಂಡ ದಾರಿಗಳಲ್ಲಿ ಇದೂ ಒಂದು. ವಿಂಡೋಸ್ 7ರಲ್ಲಿ ಮೈಕ್ರೋಸಾಫ್ಟ್ ಪೆನ್‌ಡ್ರೈವುಗಳ ಮಟ್ಟಿಗೆ ಈ ಸೌಲಭ್ಯ ಕಿತ್ತಿತು. 2011ರ ಫೆಬ್ರುವರಿಯಲ್ಲಿ ಹಳೆಯ ಎಕ್ಸ್‌ಪಿ, ವಿಸ್ತಾಗಳಿಗೂ ಅಪ್‌ಡೇಟ್ ಕಳಿಸಿತು. ತಾನಾಗಿ ಓಡುವ ದಾರಿ ಮುಚ್ಚಿದ್ದರಿಂದ ಬಳಕೆದಾರನ ಕೈಯಿಂದಲೇ ಕ್ಲಿಕ್ ಮಾಡಿಸುವ ಉಪಾಯಕ್ಕೆ ಬೆಲೆ ಬಂತು. ಅದೇ ಶಾರ್ಟ್‌ಕಟ್.

ಆ ಬಾಣದ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸಿನಲ್ಲಿ ‘ಟಾರ್ಗೆಟ್’ ನೋಡಿದರೆ ಕುತಂತ್ರ ಬಯಲಾಗುತ್ತದೆ. ನಿಮ್ಮ ಫೋಲ್ಡರಿನ ವಿಳಾಸ ಇರಬೇಕಾದಲ್ಲಿ ಕಮಾಂಡ್ ಪ್ರಾಂಪ್ಟನ್ನು ಎಬ್ಬಿಸುವ ಆದೇಶವಿದ್ದು, ಮೊದಲು ಒಂದು ಸ್ಕ್ರಿಪ್ಟನ್ನು ಓಡಿಸಿ, ಆಮೇಲೆ ನಿಮ್ಮ ಫೋಲ್ಡರನ್ನೇ ತೆರೆದು ತೋರಿಸಲು ಹೇಳಿರುತ್ತದೆ. ಫೋಲ್ಡರ್ ತೆರೆದುಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಒರಿಜಿನಲ್ ಫೈಲುಗಳು ಎಲ್ಲಿಗೂ ಹೋಗಿಲ್ಲ. ಅವಕ್ಕೆ ‘ಹಿಡನ್’, ‘ಸಿಸ್ಟಮ್’ ಎಂಬ ಎರಡು ಗುರುತು ಅಂಟಿಸಿ ಮರೆಮಾಡಿದ್ದಾರೆ, ಅಷ್ಟೆ. ಕೆಲವು ತಳಿಗಳು ಎಲ್ಲವನ್ನೂ ಹೆಸರೇ ಇಲ್ಲದ ಒಂದು ಫೋಲ್ಡರಿನೊಳಗೆ ತುಂಬುತ್ತವೆ. ಕಣ್ಣಿಗೆ ಕಾಣದ ಒಂದು ಖಾಲಿ ಅಕ್ಷರವೇ ಅದರ ಹೆಸರು.

ಇಲ್ಲಿ ಆಂಟಿವೈರಸ್ ಶಾರ್ಟ್‌ಕಟ್ಟುಗಳನ್ನೂ ಸ್ಕ್ರಿಪ್ಟನ್ನೂ ಅಳಿಸಿ ಸುಮ್ಮನಾಗುವುದುಂಟು. ಪೆನ್‌ಡ್ರೈವ್ ಪೂರ್ತಿ ಖಾಲಿ ಕಾಣುತ್ತದೆ. ‘ವೈರಸ್ ಎಲ್ಲ ತಿಂದುಹಾಕಿತು’ ಎಂದು ಅದನ್ನು ಫಾರ್ಮ್ಯಾಟ್ ಮಾಡಿದವರು ಕಳಕೊಂಡ ಡೇಟಾ ಎಷ್ಟೋ. ಖಾಲಿ ಕಂಡರೂ ಪ್ರಾಪರ್ಟೀಸಿನಲ್ಲಿ ಜಾಗ ಭರ್ತಿಯಾಗಿದೆ ಎಂದು ತೋರಿಸುತ್ತಿದ್ದರೆ ಫೈಲುಗಳು ಅಲ್ಲೇ ಇವೆ. ಕಮಾಂಡ್ ಪ್ರಾಂಪ್ಟ್ ತೆರೆದು, ಇಂಗ್ಲಿಷ್ ಅಕ್ಷರಗಳಲ್ಲಿ ‘ಆಟ್ರಿಬ್ -ಹೆಚ್ -ಆರ್ -ಎಸ್ /ಎಸ್ /ಡಿ ಇ:\*.*’ ಎಂದು ಟೈಪ್ ಮಾಡಿ ಎಂಟರ್ ಒತ್ತಿ. ‘ಇ’ ಇರುವಲ್ಲಿ ನಿಮ್ಮ ಪೆನ್‌ಡ್ರೈವಿನ ಅಕ್ಷರ ಹಾಕಿಕೊಳ್ಳಬೇಕು. ಅಡಗಿದ್ದೆಲ್ಲ ಎದ್ದು ಕೂರುತ್ತದೆ. ಆದರೆ ಅದಕ್ಕೂ ಮೊದಲು ಕಂಪ್ಯೂಟರನ್ನೇ ಸ್ಕ್ಯಾನ್ ಮಾಡಿ ಮುಗಿಸಿರಬೇಕು. ತೊಳೆದ ಪೆನ್‌ಡ್ರೈವಿನಲ್ಲಿ ಚುಚ್ಚಿದ ಕ್ಷಣಕ್ಕೇ ಮತ್ತೆ ಬಾಣಗಳು ಮೂಡಿದರೆ ರೋಗ ಪೆನ್‌ಡ್ರೈವಿನದಲ್ಲ, ಯಂತ್ರದ್ದು.

ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ

ಯಾವ ಪ್ರೋಗ್ರಾಮ್ ವೈರಸ್, ಯಾವುದು ಅಲ್ಲ ಎಂದು ಎಲ್ಲ ಸಂದರ್ಭದಲ್ಲೂ ತಪ್ಪಿಲ್ಲದೆ ಹೇಳಬಲ್ಲ ಪ್ರೋಗ್ರಾಮ್ ಬರೆಯಲು ಸಾಧ್ಯವೇ ಇಲ್ಲ ಎಂದು ಫ್ರೆಡ್ ಕೋಹೆನ್ 1984ರಲ್ಲೇ ತರ್ಕದಿಂದ ತೋರಿಸಿದರು. ಕಂಪ್ಯೂಟರ್ ವೈರಸ್ ಎಂಬ ವಿಷಯದ ಮೇಲೆ ಮೊದಮೊದಲು ಬಂದ ಪ್ರಬಂಧಗಳಲ್ಲಿ ಅವರದು ಪ್ರಮುಖ. ಅಂದರೆ ಆಂಟಿವೈರಸ್ ತಪ್ಪು ಮಾಡಿಯೇ ತೀರುತ್ತದೆ. ಎಷ್ಟು ಕಡಿಮೆ ಎಂಬುದಷ್ಟೇ ಅದರ ಯೋಗ್ಯತೆ.

2010ರ ಏಪ್ರಿಲ್ 21ರಂದು ಮ್ಯಾಕಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಅಸಲಿ ಎಸ್‌ವಿಸಿಹೋಸ್ಟ್ ಫೈಲನ್ನೇ ವೈರಸ್ ಎಂದು ತಿಳಿದು ಎತ್ತಿಹಾಕಿತು. ಅಮೆರಿಕದ ಆಸ್ಪತ್ರೆ, ಕಾಲೇಜು, ಕಚೇರಿಗಳ ಕಂಪ್ಯೂಟರುಗಳು ನೆಟ್ ಕಳಕೊಂಡು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತ ಕೂತವು. ಅದಕ್ಕೂ ಮೊದಲು 2008ರ ನವೆಂಬರಿನಲ್ಲಿ ಎವಿಜಿ ಇದೇ ರೀತಿ ‘ಯೂಸರ್32’ ಎಂಬ ವಿಂಡೋಸ್ ಫೈಲಿಗೆ ಕೈಹಾಕಿತ್ತು. 2012ರಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಮಾಡುವ ಭಾಗವನ್ನು ವೈರಸ್ ಎಂದು ಹಿಡಿಯಿತು! 2022ರ ಸೆಪ್ಟೆಂಬರಿನಲ್ಲಿ ಡಿಫೆಂಡರ್, ಕ್ರೋಮ್ ಬ್ರೌಸರ್ ತೆರೆದಾಗಲೆಲ್ಲ ವೈರಸ್ ಎಂದು ಒದರಿತು. ಕೆಲ ಗಂಟೆಗಳಲ್ಲೇ ತಿದ್ದುಪಡಿ ಬಂತು. ನಿನ್ನೆಯವರೆಗೆ ಸುಮ್ಮನಿದ್ದ, ಎಲ್ಲರ ಮನೆಯಲ್ಲೂ ಇರುವ ಪ್ರೋಗ್ರಾಮು ಇವತ್ತು ಇದ್ದಕ್ಕಿದ್ದಂತೆ ಸಿಕ್ಕಿಬಿದ್ದರೆ, ಆಂಟಿವೈರಸ್ಸನ್ನು ಅಪ್‌ಡೇಟ್ ಮಾಡಿ ಮಾರನೇ ದಿನ ಮತ್ತೊಮ್ಮೆ ಸ್ಕ್ಯಾನ್ ಮಾಡುವುದರಲ್ಲಿ ಜಾಣತನವಿದೆ.

ಕನ್ನಡ ಬಳಸುವವರಿಗೆ ಇಲ್ಲೊಂದು ವಿಶೇಷ ತೊಡಕು. ಕೀಬೋರ್ಡಿನ ಪ್ರತಿ ಒತ್ತನ್ನೂ ನಡುದಾರಿಯಲ್ಲಿ ಹಿಡಿದು ಕನ್ನಡ ಅಕ್ಷರವಾಗಿಸುವುದು ಟೈಪಿಂಗ್ ಸಾಫ್ಟ್‌ವೇರಿನ ಕೆಲಸ. ಪ್ರತಿ ಒತ್ತನ್ನೂ ನಡುದಾರಿಯಲ್ಲಿ ಹಿಡಿದು ಕದ್ದು ಕಳಿಸುವುದು ಕೀಲಾಗರ್ ಎಂಬ ಕೇಡಿನ ಕೆಲಸ. ಚಹರೆ ನೋಡಿ ಹಿಡಿಯುವವನ ಕಣ್ಣಿಗೆ ಇಬ್ಬರೂ ಒಂದೇ ಥರ ಕಾಣಬಹುದು. ಅದರ ಮೇಲೆ ಲಕ್ಷಾಂತರ ಜನ ಬಳಸುವ ಪ್ರೋಗ್ರಾಮುಗಳಿಗೆ ಸಿಗುವ ‘ಗೊತ್ತಿರುವವನೇ’ ಎಂಬ ರಿಯಾಯಿತಿ ಸಣ್ಣ ಭಾಷೆಯ ಸಣ್ಣ ಸಾಫ್ಟ್‌ವೇರಿಗೆ ಸಿಗುವುದಿಲ್ಲ.

ಅನುಮಾನ ಬಂದರೆ ಎರಡನೇ ಅಭಿಪ್ರಾಯ ಕೇಳಬಹುದು. ಸ್ಪೇನಿನ ಮಾಲಗ ನಗರದ ಸಣ್ಣ ಕಂಪನಿಯೊಂದು 2004ರಲ್ಲಿ ಆರಂಭಿಸಿ, 2012ರಲ್ಲಿ ಗೂಗಲ್ ಕೊಂಡ ‘ವೈರಸ್‌ಟೋಟಲ್’ ಎಂಬ ತಾಣ ಒಂದು ಫೈಲನ್ನು ಎಪ್ಪತ್ತರ ಆಸುಪಾಸಿನಷ್ಟು ಆಂಟಿವೈರಸ್ಸುಗಳ ಕೈಯಲ್ಲಿ ಒಟ್ಟಿಗೇ ಪರೀಕ್ಷಿಸಿ ಹೇಳುತ್ತದೆ. ನಲವತ್ತು ಮಂದಿ ಕೆಟ್ಟದ್ದೆಂದರೆ ಚರ್ಚೆ ಮುಗಿಯಿತು. ಹೆಸರೇ ಕೇಳದ ಎರಡು ಮೂರು ಮಂದಿ ಮಾತ್ರ ‘ಜೆನೆರಿಕ್’ ಎಂದು ಗೊಣಗಿದರೆ ಸುಳ್ಳು ಎಚ್ಚರಿಕೆ ಇರುವ ಸಾಧ್ಯತೆ ಹೆಚ್ಚು. ಆದರೆ ಅಲ್ಲಿಗೆ ಏರಿಸಿದ ಫೈಲ್ ಭದ್ರತಾ ಕಂಪನಿಗಳಿಗೂ ಸಂಶೋಧಕರಿಗೂ ಸಿಗುತ್ತದೆ ಎಂಬುದು ನೆನಪಿರಲಿ. ಪ್ರೋಗ್ರಾಮ್ ಫೈಲ್ ಏರಿಸಿ, ತೊಂದರೆಯಿಲ್ಲ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಜಮೀನಿನ ಪತ್ರ ಏರಿಸಬೇಡಿ. ಅಂಥವುಗಳಿಗೆ ವಿಂಡೋಸಿನ ‘ಸರ್ಟ್‌ಯುಟಿಲ್’ ಆದೇಶದಿಂದ 64 ಅಕ್ಷರಗಳ ಬೆರಳಚ್ಚು ತೆಗೆದು ಅದನ್ನಷ್ಟೇ ಅಲ್ಲಿ ಹುಡುಕಬಹುದು.

ವಿಂಡೋಸಿನ ಸ್ವಂತ ಫೈಲೇ ಕೆಟ್ಟಿದ್ದರೆ ಅಥವಾ ಅಳಿಸಿಹೋಗಿದ್ದರೆ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಎಸ್‌ಎಫ್‌ಸಿ /ಸ್ಕ್ಯಾನ್‌ನೌ’ ಕೊಟ್ಟರೆ ಅದು ತನ್ನ ಉಗ್ರಾಣದಿಂದ ಒಳ್ಳೆಯ ಪ್ರತಿ ತಂದು ಹಾಕಿಕೊಳ್ಳುತ್ತದೆ. ನೆಟ್‌ನಲ್ಲಿ ಸಿಗುವ ಬಿಡಿ ಡಿಎಲ್‌ಎಲ್ ಫೈಲುಗಳನ್ನು ಇಳಿಸಿಕೊಂಡು ಅಂಟಿಸುವ ಸಾಹಸ ಬೇಡ.

ಅಳಿಸಿದಷ್ಟೂ ಮರಳಿ ಬರುವ ವೈರಸ್ಸಿನ ಗುಟ್ಟು ಬೇರೆ. ಸ್ಕ್ಯಾನರ್ ಹಿಡಿದದ್ದು ಮರಿಯನ್ನು. ತಾಯಿ ಟಾಸ್ಕ್ ಶೆಡ್ಯೂಲರಿನಲ್ಲೋ ಸ್ಟಾರ್ಟಪ್ ಪಟ್ಟಿಯಲ್ಲೋ ಕೂತು ಮತ್ತೆ ಇಳಿಸಿಕೊಳ್ಳುತ್ತಿದೆ. ವಿಂಡೋಸ್ ಓಡುತ್ತಿರುವಾಗ ಅದರ ಮಡಿಲಲ್ಲೇ ಅಡಗಿದ್ದನ್ನು ಹಿಡಿಯುವುದು ಕಷ್ಟ. ಡಿಫೆಂಡರಿನ ‘ಆಫ್‌ಲೈನ್ ಸ್ಕ್ಯಾನ್’ ಕೊಟ್ಟರೆ ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮೊದಲೇ ಕಾಲು ಗಂಟೆ ತಡಕಾಡುತ್ತದೆ. ಸಿಸ್ಟಮ್ ರಿಸ್ಟೋರಿನ ಹಳೆಯ ಪ್ರತಿಗಳಲ್ಲೂ ವೈರಸ್ ಉಳಿದಿರಬಹುದು. ಅದು ಅಲ್ಲಿ ನಿದ್ದೆಯಲ್ಲಿರುತ್ತದೆ, ನೀವು ರಿಸ್ಟೋರ್ ಮಾಡಿದರೆ ಮಾತ್ರ ಏಳುತ್ತದೆ. ಎಲ್ಲ ಶುದ್ಧವಾದ ಮೇಲೆ ಆ ಪ್ರತಿಗಳನ್ನು ಅಳಿಸಿ ಹೊಸದೊಂದು ಮಾಡಿಟ್ಟುಕೊಳ್ಳಿ. ಮುಂಚೆಯೇ ಅಳಿಸಿದರೆ, ಕಂಪ್ಯೂಟರ್ ನಡುವೆ ಕೈಕೊಟ್ಟಾಗ ಹಿಡಿಯಲು ಹುಲ್ಲುಕಡ್ಡಿಯೂ ಇರುವುದಿಲ್ಲ.

ಫೈಲ್ ಹೋಯಿತು, ಸ್ಕ್ಯಾನ್ ಹಸಿರಾಯಿತು ಎಂಬಲ್ಲಿಗೆ ಹೆಚ್ಚಿನವರು ನಿಟ್ಟುಸಿರು ಬಿಡುತ್ತಾರೆ. ನನಗೆ ಅತಿ ಆತಂಕದ ಘಟ್ಟ ಎನಿಸುವುದು ಇದೇ. ಸಿಕ್ಕಿದ್ದು ‘ರೆಡ್‌ಲೈನ್’, ‘ಲುಮ್ಮಾ’ದಂಥ ಕಳ್ಳ ಪ್ರೋಗ್ರಾಮಾಗಿದ್ದರೆ, ನೀವು ಅಳಿಸುವ ಹೊತ್ತಿಗೆ ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳು ಎಂದೋ ಊರು ಬಿಟ್ಟಿವೆ. 2025ರ ಮಾರ್ಚ್‌ನಿಂದ ಮೇ ನಡುವಿನ ಎರಡೇ ತಿಂಗಳಲ್ಲಿ ಲುಮ್ಮಾ ಹೊಕ್ಕ ವಿಂಡೋಸ್ ಯಂತ್ರಗಳ ಸಂಖ್ಯೆ 3,94,000ಕ್ಕೂ ಹೆಚ್ಚು ಎಂದು ಮೈಕ್ರೋಸಾಫ್ಟ್ ಲೆಕ್ಕ ಕೊಟ್ಟಿದೆ. ಹಾಗಾಗಿ ಬೇರೆ ಶುದ್ಧ ಸಾಧನದಿಂದ, ಮೊಬೈಲಾದರೂ ಸರಿ, ಪಾಸ್‌ವರ್ಡ್ ಬದಲಿಸಬೇಕು. ಮೊದಲು ಇ-ಮೇಲ್‌ನದು, ಏಕೆಂದರೆ ಮಿಕ್ಕೆಲ್ಲ ಖಾತೆಗಳ ‘ಫರ್ಗಾಟ್ ಪಾಸ್‌ವರ್ಡ್’ ಅಲ್ಲಿಗೇ ಬರುತ್ತದೆ. ಜೊತೆಗೆ ‘ಎಲ್ಲ ಸಾಧನಗಳಿಂದ ಸೈನ್ ಔಟ್’ ಒತ್ತಲೇಬೇಕು. ಲಾಗಿನ್ ನೆನಪಿಟ್ಟುಕೊಳ್ಳುವ ಬ್ರೌಸರಿನ ಕುಕಿಯನ್ನು ಕದ್ದವನಿಗೆ ಪಾಸ್‌ವರ್ಡಿನ ಹಂಗೇ ಇಲ್ಲ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ರ‍್ಯಾನ್ಸಮ್‌ವೇರಿನದು ಇನ್ನೂ ಬೇರೆ. ವೈರಸ್ಸನ್ನು ಅಳಿಸಿದರೆ ಬೀಗ ಹಾಕಿದ ಫೈಲುಗಳು ತೆರೆದುಕೊಳ್ಳುವುದಿಲ್ಲ. ಹಾಗೆಂದು ಅವನ್ನು ಎಸೆಯಲೂಬಾರದು. ಡಚ್ ಪೊಲೀಸರು, ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ತಾಣದಲ್ಲಿ ಹಲವು ತಳಿಗಳಿಗೆ ಉಚಿತ ಕೀಲಿ ಸಿಗುತ್ತದೆ. ಇವತ್ತು ಇಲ್ಲದ್ದು ಇನ್ನೆರಡು ವರ್ಷಕ್ಕೆ ಬಂದೀತು. ಬೀಗ ಬಿದ್ದ ಫೈಲುಗಳನ್ನೂ, ದುಡ್ಡು ಕೇಳಿ ಬಿಟ್ಟುಹೋದ ಚೀಟಿಯನ್ನೂ ಒಂದು ಡಿಸ್ಕಿಗೆ ಹಾಕಿ ಎತ್ತಿಡಿ.

ಕೊನೆಗೂ ಫಾರ್ಮ್ಯಾಟ್ ಹೊಡೆಸಬೇಕಾದ ಪ್ರಸಂಗಗಳಿವೆ. ಸಾಲಿಟಿ, ವೈರುಟ್ ನೂರಾರು ಫೈಲುಗಳಿಗೆ ಹಬ್ಬಿದ್ದರೆ, ಅಥವಾ ಹೊರಗಿನವರು ಯಂತ್ರವನ್ನು ದೂರದಿಂದ ನಡೆಸುತ್ತಿದ್ದರು ಎಂದು ಖಾತ್ರಿಯಾದರೆ ಸರ್ವೀಸ್ ಹುಡುಗ ಹೇಳುವುದೇ ಸರಿ. ಅದಕ್ಕೂ ಮುಂಚೆ ಕೇಂದ್ರ ಸರ್ಕಾರದ ‘ಸೈಬರ್ ಸ್ವಚ್ಛತಾ ಕೇಂದ್ರ’ದ ತಾಣದಲ್ಲಿ ಉಚಿತವಾಗಿ ಸಿಗುವ ಬಾಟ್ ತೆಗೆಯುವ ಸಾಧನವನ್ನೊಮ್ಮೆ ಓಡಿಸಿ ನೋಡಬಹುದು; 2017ರಿಂದ ಆ ಕೇಂದ್ರ ಇದೇ ಕೆಲಸಕ್ಕೆಂದು ನಡೆಯುತ್ತಿದೆ. ಫಾರ್ಮ್ಯಾಟಿಗೆ ಮೊದಲು ಬರಹ, ಫೋಟೋ, ಮೇಲ್ ಫೈಲುಗಳನ್ನು ಎತ್ತಿಕೊಳ್ಳಿ. ಸೆಟಪ್, ಇಎಕ್ಸ್‌ಇ ಒಂದೂ ಬೇಡ. ಹಾಕಿಸಿಕೊಳ್ಳುವಾಗ ಹಳೆಯ ವಿಂಡೋಸ್ 10 ಬೇಡ. 2025ರ ಅಕ್ಟೋಬರ್ 14ಕ್ಕೆ ಅದಕ್ಕೆ ಬರುತ್ತಿದ್ದ ಸಾಮಾನ್ಯ ಬೆಂಬಲ ನಿಂತಿತು.

ಇನ್ನೊಂದು ಮಾತು, ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕಡತ ಇಟ್ಟುಕೊಂಡವರಿಗೆ. ಹೊಸ ಓಎಸ್ ಹಾಕಿಸಿ ಬಂದು ಫೈಲ್ ತೆರೆದರೆ ಕನ್ನಡದ ಜಾಗದಲ್ಲಿ ತಲೆಯ ಮೇಲೆ ಚುಕ್ಕೆ, ಗೀಟು ಹೊತ್ತ ರೋಮನ್ ಅಕ್ಷರಗಳು ಕಾಣುತ್ತವೆ. ಇದನ್ನು ವೈರಸ್ ಮಾಡಿದ ಕಿತಾಪತಿ ಎಂದುಕೊಂಡು ಫೈಲನ್ನೇ ಅಳಿಸಿದವರಿದ್ದಾರೆ. ಯೂನಿಕೋಡ್ ಬರುವ ಮುಂಚಿನ ಕಡತಗಳಲ್ಲಿ ಕನ್ನಡ ಇರುವುದು ಫಾಂಟಿನಲ್ಲಿಯೇ; ಫಾರ್ಮ್ಯಾಟಿನ ಜೊತೆ ಅದೂ ಹೋಗಿರುತ್ತದೆ. ಆ ಫಾಂಟನ್ನು ಮತ್ತೆ ಹಾಕಿಕೊಂಡು ಕಡತ ತೆರೆಯಿರಿ. ಆಮೇಲೆ ಬಿಡುವಾದಾಗ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಟ್ಟುಕೊಂಡರೆ ಮುಂದಿನ ಸಲ ಈ ಗಾಬರಿಯಾದರೂ ತಪ್ಪುತ್ತದೆ.